ದಸರಾ ರಜೆಯಲ್ಲಿ ತಾಯಿ, ಮಕ್ಕಳೊಂದಿಗೆ ನೋಡಬಹುದಾದ ಜಲಪಾತಗಳು ಯಾವುವು?

ಹಾಸನದ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಸರಾ ರಜೆ ಮುಗಿಯುವ ಮುನ್ನ ಎರಡು ದಿನ ಬಿಡುವು ಮಾಡಿಕೊಂಡು ಚಿಕ್ಕಮಗಳೂರು ಸೀಮೆಯ ಜಲಪಾತಗಳನ್ನು ನೋಡಿ ಬರಬೇಕೆಂದು ಮನೆಯಲ್ಲಿ ಮಾತಾಗಿದೆ. ಹಾಸನದಿಂದ ಸ್ವಂತ ಕಾರಿನಲ್ಲಿ ಹೊರಡುತ್ತೇವೆ. ನಾನು, ನನ್ನ ಪತ್ನಿ, ಪ್ರಾಥಮಿಕ ಶಾಲೆಯಲ್ಲಿ ಓದುವ ಇಬ್ಬರು ಮಕ್ಕಳು ಮತ್ತು ಎಪ್ಪತ್ತು ದಾಟಿರುವ ನಮ್ಮ ತಾಯಿ ಇರುತ್ತೇವೆ. ತಾಯಿಯವರಿಗೆ ಮಂಡಿನೋವಿದೆ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಹತ್ತುವುದನ್ನೂ ಹೇಗೋ ನಿಭಾಯಿಸುತ್ತಾರೆ, ಆದರೆ ಇಳಿಯುವಾಗ ಬಹಳ ಕಷ್ಟಪಡುತ್ತಾರೆ.

ನನ್ನ ಮನಸ್ಸಿನಲ್ಲಿರುವುದು ಹೆಬ್ಬೆ ಜಲಪಾತ. 168 ಮೀಟರ್ ಎತ್ತರದಿಂದ ಧುಮುಕುತ್ತದೆ ಎಂದು ಓದಿದ ಮೇಲೆ ಅದನ್ನು ಮಕ್ಕಳಿಗೆ ತೋರಿಸಲೇಬೇಕೆಂಬ ಆಸೆ ಹುಟ್ಟಿದೆ. ಅಲ್ಲಿಗೆ ಜೀಪಿನಲ್ಲಿಯೇ ಹೋಗಬೇಕಂತೆ. ವಯಸ್ಸಾದವರನ್ನು ಆ ಜೀಪಿನಲ್ಲಿ ಕೂರಿಸಿಕೊಂಡು ಹೋಗಬಹುದೇ? ಮಳೆಗಾಲ ಹಿಂದೆ ಸರಿಯುವ ಆ ಹೊತ್ತಿಗೆ ನೋಡುವಷ್ಟು ನೀರು ಇರುತ್ತದೆಯೇ? ಹೆಬ್ಬೆ ಆಗದೆಂದಾದರೆ ಅದರ ಬದಲಿಗೆ ಯಾವ ಜಾಗ ಸೂಕ್ತ? ಸಕಲೇಶಪುರದ ಕಡೆ ಮಂಜರಾಬಾದ್ ಕೋಟೆ, ಬಿಸಿಲೆ ಘಾಟಿ ಎರಡನ್ನೂ ಹಿಂದೆಯೇ ನೋಡಿದ್ದೇವೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಲಿಂಗದಹಳ್ಳಿ ತೋಟದವರು

ಮೇಷ್ಟ್ರಿಗೆ ನಮಸ್ಕಾರ. ನಾನು ಆ ಬೆಟ್ಟದ ಬುಡದವನೇ ಆದ್ದರಿಂದ ಮೊದಲು ಹೆಬ್ಬೆಯ ವಿಷಯವನ್ನೇ ಹೇಳಿಬಿಡುತ್ತೇನೆ: ತಮ್ಮ ತಾಯಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಜಲಪಾತ ಇರುವುದು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಸ್ವಂತ ವಾಹನವನ್ನು ಹೊರಗೇ ನಿಲ್ಲಿಸಿ, ಶುಲ್ಕ ಕಟ್ಟಿ, ಅನುಮತಿ ಪಡೆದ ಜೀಪಿನಲ್ಲಿ ಕಾಫಿ ತೋಟ ಮತ್ತು ಕಾಡಿನ ನಡುವೆ ಹಲವು ಕಿಲೋಮೀಟರ್ ಸಾಗಬೇಕು. ಅದನ್ನು ರಸ್ತೆ ಎಂದು ಕರೆಯುವುದು ಸೌಜನ್ಯಕ್ಕಷ್ಟೇ. ಮಳೆಗಾಲದ ನೀರು ಕೊರೆದ ಕೊರಕಲುಗಳ ಮೇಲೆ ಒಂದು ಚಕ್ರ ಏರಿ ಇನ್ನೊಂದು ಇಳಿಯುವಾಗ, ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕುಳಿತವರ ತಲೆ ಮೇಲಿನ ಕಂಬಿಗೆ ತಾಗುವುದು ಸಾಮಾನ್ಯ. ಜೀಪಿನಿಂದ ಇಳಿದ ಮೇಲೆ ಕಾಡಿನ ಕಾಲುದಾರಿಯಲ್ಲಿ ನಡೆಯುವುದಿದೆ, ದಾರಿಯಲ್ಲಿ ಹಳ್ಳ ದಾಟುವುದಿದೆ. ಆ ದಿನಗಳಲ್ಲಿ ಇಂಬಳಗಳ ಕಾಟವೂ ಇನ್ನೂ ಮುಗಿದಿರುವುದಿಲ್ಲ. ನಾವು ಕಾಲುಚೀಲದ ಮೇಲೆ ಸುಣ್ಣವನ್ನೋ ಹೊಗೆಸೊಪ್ಪಿನ ಪುಡಿಯನ್ನೋ ಸವರಿಕೊಂಡು ಹೋಗುತ್ತೇವೆ. ಮಕ್ಕಳಿಗೆ ಉಪ್ಪಿನ ಗಂಟೊಂದು ಕೈಯಲ್ಲಿದ್ದರೆ ಸಾಕು.

ಹೆಬ್ಬೆಯ ನೀರು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಬೀಳುತ್ತದೆ. ದೊಡ್ಡ ಹೆಬ್ಬೆಯ ಬುಡದಲ್ಲಿ ನಿಂತರೆ ಹತ್ತಾರು ಮಾರು ದೂರಕ್ಕೂ ತುಂತುರು ಬಂದು ಬಟ್ಟೆ ನೆನೆಯುತ್ತದೆ. ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಅದು ನೋಡಲೇಬೇಕಾದ ಜಾಗ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಜನ ಅದನ್ನು ನೋಡುವ ಹೊತ್ತಿನಲ್ಲಿ ಐದನೆಯವರು ಜೀಪಿನ ಬಳಿ ಒಬ್ಬರೇ ಕುಳಿತಿರಬೇಕಾಗುವ ಪ್ರವಾಸ ತಮಗೆ ಹಿತವೆನಿಸದು ಎಂದು ಭಾವಿಸುತ್ತೇನೆ.

ತಮ್ಮ ಮನೆಯವರಿಗೆಲ್ಲ ಒಪ್ಪುವ ಜಾಗ ಕಲ್ಲತ್ತಿಗಿರಿ. ಕಲ್ಲತ್ತಿಪುರ, ಕಲ್ಹತ್ತಿ ಎಂದೂ ಬರೆಯುತ್ತಾರೆ. ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿಯೇ, ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ಕೆಳಗೆ ಸಿಗುತ್ತದೆ. ಕಾರು ದೇವಸ್ಥಾನದ ಹತ್ತಿರದವರೆಗೂ ಹೋಗುತ್ತದೆ. ಚಂದ್ರದ್ರೋಣ ಪರ್ವತದಿಂದ, ಅಂದರೆ ಬಾಬಾಬುಡನ್ ಬೆಟ್ಟಸಾಲಿನಿಂದ, ಇಳಿದು ಬರುವ ನೀರು ವೀರಭದ್ರೇಶ್ವರ ದೇವಸ್ಥಾನದ ಎದುರಿಗೇ ಬಂಡೆಗಳ ಮೇಲೆ ಹರಿದು ಬೀಳುತ್ತದೆ. ದೇವಸ್ಥಾನ ವಿಜಯನಗರದ ಕಾಲದ್ದು. ಬಂಡೆಯಲ್ಲಿ ಕಡೆದ ಕಲ್ಲಾನೆಗಳು ನೀರಿನ ಪಕ್ಕದಲ್ಲಿಯೇ ಇವೆ, ಮಕ್ಕಳು ಅಲ್ಲಿಂದ ಕದಲುವುದು ಕಷ್ಟ. ಜಲಪಾತದ ಎತ್ತರ 122 ಮೀಟರ್ ಎಂದು ಪುಸ್ತಕಗಳಲ್ಲಿ ಕಾಣುತ್ತದೆ, ಆದರೆ ಅಷ್ಟನ್ನೂ ಒಂದೇ ನೆಗೆತದಲ್ಲಿ ನೋಡುವೆನೆಂದು ಹೋದರೆ ನಿರಾಶೆಯಾಗುತ್ತದೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ದೇವಸ್ಥಾನದ ಮುಂದೆ ನಮಗೆ ಕಾಣುವುದು ಅದರ ಕೆಳಭಾಗ ಮಾತ್ರ. ತಾಯಿಯವರು ದೇವರ ದರ್ಶನ ಮಾಡಿ, ಅಲ್ಲಿಯೇ ಕುಳಿತು ನೀರನ್ನು ನೋಡಬಹುದು. ಭಾನುವಾರ ಮತ್ತು ಅಮಾವಾಸ್ಯೆಯಂದು ಭಕ್ತರ ದಟ್ಟಣೆ ಹೆಚ್ಚು, ಅಂಥ ದಿನಗಳನ್ನು ತಪ್ಪಿಸಿ ಬನ್ನಿ.

ಅಲ್ಲಿಂದ ಕೆಮ್ಮಣ್ಣುಗುಂಡಿಗೆ ಹೋದರೆ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ತಂಗುತ್ತಿದ್ದ ತಾಣವನ್ನೂ ತೋಟಗಾರಿಕೆ ಇಲಾಖೆಯ ಹೂದೋಟವನ್ನೂ ನೋಡಬಹುದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಬೆಟ್ಟದಿಂದಲೇ ಎಂಬುದನ್ನು ಮಕ್ಕಳಿಗೆ ಹೇಳಿದರೆ ರಸ್ತೆ ಬದಿಯ ಮಣ್ಣು ಏಕೆ ಅಷ್ಟು ಕೆಂಪು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಕೋಟೆ ಬಡಾವಣೆ, ಚಿಕ್ಕಮಗಳೂರು

ಮೇಲಿನವರ ಮಾತನ್ನು ಒಪ್ಪುತ್ತೇನೆ. ಊರಿಗೆ ಹತ್ತಿರದ ಉಳಿದ ಜಾಗಗಳ ವಿಷಯವಾಗಿ ಒಂದೆರಡು ಮಾತು. ಅತ್ತಿಗುಂಡಿಯ ಕಡೆಯ ಝರಿ ಜಲಪಾತಕ್ಕೂ ಜೀಪೇ ಗತಿ, ತೋಟದೊಳಗಿನ ಇಳಿಜಾರು ಹೆಬ್ಬೆಯ ದಾರಿಗಿಂತ ಮೇಲೇನಲ್ಲ. ಬಾಬಾಬುಡನ್‌ಗಿರಿಯ ಮಾಣಿಕ್ಯಧಾರೆಗೆ ಉದ್ದಕ್ಕೂ ಮೆಟ್ಟಿಲು ಇಳಿಯಬೇಕು. ಅಲ್ಲಿ ಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಬರುವ ರೂಢಿಯಿಂದಾಗಿ ಸುತ್ತಲಿನ ಗಿಡಗಂಟಿಗಳೆಲ್ಲ ಒದ್ದೆ ಬಟ್ಟೆಗಳಿಂದ ತುಂಬಿರುತ್ತವೆ. ಎಷ್ಟು ಸಲ ತೆರವು ಮಾಡಿದರೂ ಮತ್ತೆ ಅದೇ ಸ್ಥಿತಿ. ಗಿರಿಗೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಹೊನ್ನಮ್ಮನ ಹಳ್ಳವನ್ನು ಕಾರಿನಿಂದ ಇಳಿದು ನೋಡಬಹುದು. ಅದು ಚಿಕ್ಕದು, ಅದಕ್ಕಾಗಿಯೇ ಬರುವಂಥದ್ದಲ್ಲ.

ಗಿರಿಯ ಕಡೆಗೆ ಬರುವುದಾದರೆ ವಾಹನಗಳ ಸಂಖ್ಯೆ, ಸಮಯ ಮತ್ತು ಮುಂಗಡ ನೋಂದಣಿಯ ಬಗ್ಗೆ ಜಿಲ್ಲಾಡಳಿತ ಆಗಾಗ ಹೊಸ ನಿಯಮಗಳನ್ನು ಹೊರಡಿಸುತ್ತಿರುತ್ತದೆ. ಹೊರಡುವ ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡಿ. ರಜೆಯ ದಿನ ಬೆಳಿಗ್ಗೆ ಕೈಮರದ ತಪಾಸಣಾ ಠಾಣೆಯ ಮುಂದಿನ ಸಾಲಿನಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

ಭೂಗೋಳದ ಅಧ್ಯಾಪಕಿ

ನೀರು ಇರುತ್ತದೆಯೇ ಎಂಬ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಜಲಪಾತವನ್ನು ಎತ್ತರದ ಲೆಕ್ಕದಲ್ಲಿ ಆಯ್ಕೆ ಮಾಡುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಯಾವ ತಿಂಗಳಲ್ಲಿ ಎಷ್ಟು ನೀರು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಬಂಡೆಯ ಎತ್ತರವಲ್ಲ, ಅದರ ಬೆನ್ನ ಹಿಂದಿರುವ ಜಲಾನಯನದ ವಿಸ್ತಾರ ಮತ್ತು ಅಲ್ಲಿನ ಕಾಡು.

ಘಟ್ಟದ ಪಶ್ಚಿಮದ ಅಂಚಿನಲ್ಲಿ, ಮುಖ್ಯವಾಗಿ ಚಾರ್ಮಾಡಿಯ ರಸ್ತೆಯ ಬದಿಯಲ್ಲಿ, ಮಳೆಗಾಲದಲ್ಲಿ ತಿರುವಿಗೊಂದರಂತೆ ಕಾಣುವ ಬಿಳಿಯ ಧಾರೆಗಳ ಹಿಂದೆ ಇರುವುದು ಕಡಿದಾದ ಸಣ್ಣ ಇಳಿಜಾರು ಮಾತ್ರ. ಮಳೆ ಸುರಿಯುವಾಗ ಅವು ಭೋರ್ಗರೆಯುತ್ತವೆ, ನಾಲ್ಕು ದಿನ ಬಿಸಿಲು ಬಿದ್ದರೆ ಒದ್ದೆ ಬಂಡೆ ಉಳಿಯುತ್ತದೆ. ಬಾಬಾಬುಡನ್ ಬೆಟ್ಟಸಾಲಿನ ಸಂಗತಿ ಬೇರೆ. ಅದು ಅರ್ಧಚಂದ್ರಾಕಾರದಲ್ಲಿ ಬಾಗಿರುವ ಬೆಟ್ಟಸಾಲು. ಅದರ ಒಳಮಗ್ಗುಲಿನ ಕಣಿವೆಗಳ ನೀರು ಭದ್ರೆಯ ಕಡೆಗೆ ಹರಿಯುತ್ತದೆ. ನೆತ್ತಿಯಲ್ಲಿ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಎಂಬ ದಟ್ಟವಾದ ನಿತ್ಯಹಸಿರು ಕಾಡು. ಈ ಕಾಡಿನ ನೆಲದ ಮೇಲಿನ ಎಲೆಗೊಬ್ಬರದ ಪದರ ಮಳೆಯ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಬಿಟ್ಟುಕೊಡುವುದರಿಂದ ಹೆಬ್ಬೆ, ಕಲ್ಲತ್ತಿಗಿರಿಯಂಥ ಕಡೆ ಮಳೆ ನಿಂತ ಮೇಲೂ ಧಾರೆ ಉಳಿಯುತ್ತದೆ. ಕುದುರೆಮುಖದ ಸುತ್ತಲಿನ ಹಳ್ಳಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಅಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುವುದರಿಂದ ನೆಲದೊಳಗಿನ ದಾಸ್ತಾನೂ ದೊಡ್ಡದು. ಅದೇ ಜಿಲ್ಲೆಯ ಕಡೂರಿನಲ್ಲಿ ಅದರ ಹತ್ತನೆಯ ಒಂದು ಪಾಲೂ ಬೀಳುವುದಿಲ್ಲ.

ಇನ್ನು ಕಾಲದ ವಿಚಾರ. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಗಳಲ್ಲಿ ನೀರು ತುಂಬಿರುತ್ತದೆ ಎಂಬುದು ನಿಜ. ಆದರೆ ಮಂಜು ಮುಚ್ಚಿಕೊಂಡು ಸದ್ದು ಕೇಳುತ್ತದೆಯೇ ಹೊರತು ಜಲಪಾತ ಕಾಣಿಸದೆ ಹಿಂದಿರುಗಿದವರು ಬಹಳ ಮಂದಿ. ತಾವು ಹೊರಟಿರುವುದು ಹಸ್ತಾ ಮಳೆಯ ಹೊತ್ತಿಗೆ. ಅಷ್ಟು ಹೊತ್ತಿಗೆ ಮಂಜು ಹರಿದು ಹಳ್ಳದ ನೀರು ತಿಳಿಯಾಗಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ. ನನ್ನನ್ನು ಕೇಳಿದರೆ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಒಂದೇ ಎಚ್ಚರಿಕೆ: ಆ ದಿನಗಳ ಮಳೆ ಮುಂಗಾರಿನಂತೆ ದಿನವಿಡೀ ಜಿನುಗುವುದಿಲ್ಲ. ಬೆಳಿಗ್ಗೆ ಬಿಸಿಲಿದ್ದು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಒಮ್ಮೆಲೇ ಬರುತ್ತದೆ. ನೀರಿನ ಹತ್ತಿರ ಹೋಗುವ ಕೆಲಸವನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿಕೊಳ್ಳಿ.

ಹಾಸನದ ಮೇಷ್ಟ್ರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹೆಬ್ಬೆಯ ಆಸೆಯನ್ನು ಈ ಸಲಕ್ಕೆ ಬಿಟ್ಟೆ. ಮೊದಲ ದಿನ ಬೇಲೂರಿನ ಮೇಲೆ ಹೋಗಿ ಕಲ್ಲತ್ತಿಗಿರಿ ನೋಡಿ ಚಿಕ್ಕಮಗಳೂರಿನಲ್ಲಿ ತಂಗುವುದೆಂದು ಯೋಚಿಸಿದ್ದೇವೆ. ಎರಡನೆಯ ದಿನ ಶೃಂಗೇರಿಗೆ ಹೋಗಬೇಕೆಂಬುದು ತಾಯಿಯವರ ಇಚ್ಛೆ. ಆ ಕಡೆ ದಾರಿಯಲ್ಲಿ ಸಿಗುವ ಜಲಪಾತಗಳಿವೆಯೇ? ಮಕ್ಕಳು ನೀರಿಗೆ ಇಳಿಯಲೇಬೇಕೆಂದು ಹಠ ಹಿಡಿದಿದ್ದಾರೆ. ಅದಕ್ಕೆ ತಕ್ಕ ಜಾಗ ಯಾವುದಾದರೂ ಉಂಟೇ?

ತುಂಗಾ ತೀರ

ಶೃಂಗೇರಿಗೆ ಬರುವವರಿಗೆ ನಾನು ಮೊದಲು ಹೇಳುವ ಹೆಸರು ಸಿರಿಮನೆ. ಶೃಂಗೇರಿಯಿಂದ ಕಿಗ್ಗಾ ಸುಮಾರು ಒಂಬತ್ತು ಕಿಲೋಮೀಟರ್, ಅಲ್ಲಿಂದ ಮುಂದೆ ತೋಟಗಳ ನಡುವೆ ನಾಲ್ಕೈದು ಕಿಲೋಮೀಟರ್ ಹೋದರೆ ಸಿರಿಮನೆ. ಮಲೆನಾಡಿನವರು ಮಳೆ ಬೇಕೆಂದರೂ, ಮಳೆ ಸಾಕೆಂದರೂ ಹರಕೆ ಹೊರುವುದು ಕಿಗ್ಗಾದ ಋಷ್ಯಶೃಂಗೇಶ್ವರನಿಗೆ. ತಾಯಿಯವರಿಗೆ ಆ ದೇವಸ್ಥಾನವೂ ಮೆಚ್ಚುಗೆಯಾಗುತ್ತದೆ. ಸಿರಿಮನೆಯ ಎತ್ತರ ನಲವತ್ತು ಅಡಿಯ ಆಸುಪಾಸು ಅಷ್ಟೇ. ಹೆಬ್ಬೆಯ ಮುಂದೆ ಅದು ಏನೂ ಅಲ್ಲ ಎನ್ನುವವರಿದ್ದಾರೆ. ಆದರೆ ಅಗಲವಾದ ಕಪ್ಪು ಬಂಡೆಯ ಮೇಲೆ ನೀರು ಹರಡಿಕೊಂಡು ಬೀಳುವ ಬಗೆಯನ್ನು ಹತ್ತಿರದಿಂದ, ನೆಮ್ಮದಿಯಾಗಿ ನೋಡಬಹುದು. ಶುಲ್ಕ ಕೊಟ್ಟು ಒಳಗೆ ಹೋದರೆ ಕೆಳಗಿಳಿಯಲು ಮೆಟ್ಟಿಲುಗಳಿವೆ. ತಾಯಿಯವರು ಪೂರ್ತಿ ಇಳಿಯಬೇಕಾಗಿಲ್ಲ, ಮೇಲಿನ ಕಡೆಯಿಂದಲೂ ನೀರು ಕಾಣಿಸುತ್ತದೆ. ನೀರಿನ ರಭಸ ತಗ್ಗಿದ ದಿನಗಳಲ್ಲಿ ಬುಡದ ಆಳವಿಲ್ಲದ ಕಡೆ ಜನರು ಮಕ್ಕಳನ್ನು ಆಡಿಸುವುದನ್ನು ನೋಡಿದ್ದೇನೆ. ಅಲ್ಲಿನ ಸಿಬ್ಬಂದಿ ಇಳಿಯಬಹುದು ಎಂದರೆ ಮಾತ್ರ ಇಳಿಸಿ.

ಸಮಯವಿದ್ದರೆ ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ) ಮೂಲಕ ಕುದುರೆಮುಖದ ರಸ್ತೆಯಲ್ಲಿ ಕಳಸಕ್ಕೆ ಹೋಗಿ ಹಿಂದಿರುಗಬಹುದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಆ ಬೆಟ್ಟಗಳಲ್ಲಿಯೇ. ಕಡಾಂಬಿ ಜಲಪಾತ ರಸ್ತೆಗೇ ತಾಗಿಕೊಂಡಿದೆ. ಮಂಡಿನೋವಿನವರು ಕಾರಿನ ಕಿಟಕಿಯಿಂದಲೇ ನೋಡಬಹುದಾದ ಜಲಪಾತ ಇದೊಂದೇ ಎಂದರೂ ಸಲ್ಲುತ್ತದೆ. ಸೂತನಬ್ಬಿ ಎಂದೂ ಕರೆಸಿಕೊಳ್ಳುವ ಹನುಮನಗುಂಡಿ ಅದಕ್ಕಿಂತ ದೊಡ್ಡದು, ಸುಮಾರು ನೂರು ಅಡಿಯಿಂದ ಬೀಳುತ್ತದೆ. ಅಲ್ಲಿಗೆ ಅರಣ್ಯ ಇಲಾಖೆಯ ಚೀಟಿ ಪಡೆದು ಕಡಿದಾದ ಮೆಟ್ಟಿಲುಗಳನ್ನು ಇಳಿಯಬೇಕು, ಆದ್ದರಿಂದ ತಾಯಿಯವರಿಗೆ ಅದು ಬೇಡ.

ಈ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೆ ಹಾದುಹೋಗುವುದರಿಂದ ತಪಾಸಣಾ ಠಾಣೆಯಲ್ಲಿ ಒಳಗೆ ಹೋದ ಸಮಯವನ್ನು ಬರೆದು ಚೀಟಿ ಕೊಡುತ್ತಾರೆ. ನಡುವೆ ಕಂಡಕಂಡಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದರೆ ಆ ಕಡೆಯ ಠಾಣೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಕತ್ತಲಾದ ಮೇಲೆ ಅಲ್ಲಿ ಸಿಕ್ಕಿಕೊಳ್ಳುವಂತೆ ಹೊರಡಬೇಡಿ. ಉದ್ದಕ್ಕೂ ಮೊಬೈಲ್ ಸಿಗ್ನಲ್ ಇಲ್ಲ ಎಂದೇ ತಿಳಿದು, ಪೆಟ್ರೋಲ್ ತುಂಬಿಸಿಕೊಂಡು ಹೋಗಿ.

ಮೂಡಿಗೆರೆಯ ಓದುಗಿ

ಮಕ್ಕಳನ್ನು ನೀರಿಗೆ ಇಳಿಸುವ ವಿಚಾರದಲ್ಲಿ ನನಗೆ ಮೇಲಿನವರಷ್ಟು ಧೈರ್ಯವಿಲ್ಲ. ಹಸ್ತಾ ಮಳೆಯ ಕಾಲದಲ್ಲಿ ಅಪಾಯ ಬರುವುದು ಕಣ್ಣೆದುರಿನ ನೀರಿನಿಂದಲ್ಲ. ನಾವು ನಿಂತ ಕಡೆ ಬಿಸಿಲಿರುತ್ತದೆ, ಮೇಲಿನ ಬೆಟ್ಟದಲ್ಲಿ ಮಳೆ ಹೊಡೆದಿರುತ್ತದೆ. ಹಳ್ಳ ನೋಡನೋಡುತ್ತಿದ್ದಂತೆ ಏರುತ್ತದೆ. ಏರುವ ಮುನ್ನ ಅದು ಸೂಚನೆ ಕೊಡುತ್ತದೆ. ತಿಳಿನೀರು ಕದಡಿ ಕೆಂಪಾಗುತ್ತದೆ, ಒಣಗಿದ ಎಲೆ, ಕಡ್ಡಿ, ನೊರೆ ಒಟ್ಟಿಗೆ ತೇಲಿ ಬರಲು ಶುರುವಾಗುತ್ತವೆ, ನೀರಿನ ಸದ್ದು ಬದಲಾಗುತ್ತದೆ. ಇವುಗಳಲ್ಲಿ ಒಂದನ್ನು ಕಂಡರೂ ಚಪ್ಪಲಿ, ಮೊಬೈಲ್ ಎಂದು ಹುಡುಕುತ್ತ ನಿಲ್ಲದೆ ದಡ ಹತ್ತಬೇಕು. ಹಳ್ಳದ ನಡುವಿನ ಬಂಡೆಯ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುತ್ತಿದ್ದವರು ಎರಡೂ ಕಡೆ ನೀರು ಏರಿ ನಡುವೆ ಸಿಕ್ಕಿಕೊಂಡ ಸುದ್ದಿಗಳು ನಮ್ಮ ಕಡೆ ಹೊಸದೇನಲ್ಲ.

ಎರಡನೆಯದು ಬಂಡೆ. ಮಳೆಗಾಲವಿಡೀ ನೆನೆದ ಬಂಡೆಯ ಮೇಲಿನ ಪಾಚಿ ಒಣಗಿದಂತೆ ಕಂಡರೂ ಕಾಲಿಟ್ಟರೆ ಜಾರುತ್ತದೆ. ಮೂರನೆಯದು ಮಡು. ಜಲಪಾತದ ನೇರ ಬುಡದಲ್ಲಿ ನೀರು ಬಿದ್ದು ಬಿದ್ದು ಕೊರೆದ ಗುಂಡಿ ಎಷ್ಟು ಆಳವಿದೆ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಸಕಲೇಶಪುರದ ಕಡೆಗೂ ಬರುವುದಾದರೆ ಹೆತ್ತೂರಿನ ಬಳಿಯ ಮೂಕನಮನೆ ಜಲಪಾತದ ಹೆಸರನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನೋಡಲು ಬಹಳ ಚೆನ್ನಾಗಿದೆ. ಈಜು ಬಲ್ಲವರೂ ಅಲ್ಲಿ ಜೀವ ಕಳೆದುಕೊಂಡಿರುವುದರಿಂದ ಮಕ್ಕಳಿರುವ ಕುಟುಂಬಕ್ಕೆ ಅದನ್ನು ನಾನು ಸೂಚಿಸಲಾರೆ.

ಚಾರ್ಮಾಡಿಯ ವಿಷಯ ಮೇಲೆ ಬಂದಿದೆ. ಕೊಟ್ಟಿಗೆಹಾರದಿಂದ ಇಳಿಯುವ ಆ ರಸ್ತೆಯಲ್ಲಿ ಆಲೇಖಾನ್ ಬಳಿಯ ಜಲಪಾತ ರಸ್ತೆಯಿಂದಲೇ ಕಾಣುತ್ತದೆ. ಆದರೆ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿದ್ದ ಘಾಟಿ ಅದು. ತಿರುವುಗಳಲ್ಲಿ ವಾಹನ ನಿಲ್ಲಿಸಿ ಒದ್ದೆ ಬಂಡೆ ಹತ್ತುವವರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದ್ದೂ ಉಂಟು. ತಮ್ಮ ಎರಡು ದಿನಗಳಲ್ಲಿ ಅದನ್ನು ಸೇರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕಳಸದಿಂದ ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು ಮಾರ್ಗವಾಗಿ ಹಾಸನಕ್ಕೆ ಹಿಂದಿರುಗುವುದಾದರೆ ಮಾತ್ರ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹೊತ್ತು ಮುಳುಗುವ ಮುನ್ನ ಮೂಡಿಗೆರೆ ದಾಟಿಬಿಡಿ. ಈ ಭಾಗದ ತೋಟಗಳಲ್ಲಿ ಕಾಡಾನೆಗಳ ಓಡಾಟವಿದೆ. ಮುಸ್ಸಂಜೆಯ ಹೊತ್ತಿಗೆ ಒಳರಸ್ತೆಗಳಿಗೆ ಹೋಗುವುದಕ್ಕೆ ನಾವು ಸ್ಥಳೀಯರೇ ಹಿಂದೆಮುಂದೆ ನೋಡುತ್ತೇವೆ.

ತುಂಗಾ ತೀರ

ಮೂಡಿಗೆರೆಯವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಮಕ್ಕಳು ನೀರನ್ನು ಮುಟ್ಟದೆ ಹಿಂದಿರುಗಬೇಕು ಎಂದರೆ ಅದೂ ಹೆಚ್ಚಾಯಿತು. ಮಡುವಿನ ಬಳಿಗೆ ಹೋಗದೆ, ಧಾರೆಯಿಂದ ಕೆಳಗೆ ನೀರು ಕಲ್ಲುಗಳ ನಡುವೆ ತೆಳ್ಳಗೆ ಹರಿಯುವ ಕಡೆ, ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ, ದೊಡ್ಡವರು ಕೈ ಹಿಡಿದು ನಿಲ್ಲಿಸಬಹುದು. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಬೆಟ್ಟದ ತಲೆ ಸ್ಪಷ್ಟವಾಗಿ ಕಾಣುತ್ತಿರುವಾಗ ಮಾತ್ರ.

ಹಾಸನದ ಮೇಷ್ಟ್ರು

ಹಾಗಾದರೆ ಹೀಗೆ ಮಾಡುತ್ತೇವೆ. ಮೊದಲ ದಿನ ನಸುಕಿನಲ್ಲಿಯೇ ಹೊರಟು ನೇರವಾಗಿ ಕಲ್ಲತ್ತಿಗಿರಿಗೆ ಹೋಗುತ್ತೇವೆ, ಹೊತ್ತು ಉಳಿದರೆ ಕೆಮ್ಮಣ್ಣುಗುಂಡಿ. ರಾತ್ರಿ ಚಿಕ್ಕಮಗಳೂರಿನ ಬದಲು ಶೃಂಗೇರಿಯಲ್ಲಿಯೇ ತಂಗಿದರೆ ಮರುದಿನ ಬೆಳಿಗ್ಗೆ ಕಿಗ್ಗಾ ಮತ್ತು ಸಿರಿಮನೆಯನ್ನು ಬಿಸಿಲೇರುವ ಮುನ್ನ ಮುಗಿಸಿ, ಕಡಾಂಬಿಯನ್ನು ನೋಡಿಕೊಂಡು ಕಳಸದ ಮೇಲೆ ಹಿಂದಿರುಗಬಹುದು. ಕಲ್ಲತ್ತಿಗಿರಿಯಿಂದ ಶೃಂಗೇರಿಗೆ ಸಂಜೆಯೊಳಗೆ ತಲುಪುವುದು ಸಾಧ್ಯವೇ?

ಲಿಂಗದಹಳ್ಳಿ ತೋಟದವರು

ಕೆಮ್ಮಣ್ಣುಗುಂಡಿಯನ್ನು ಬಿಟ್ಟರೆ ಸಾಧ್ಯ. ಮಧ್ಯಾಹ್ನ ಒಂದು ಗಂಟೆಗೆ ಕಲ್ಲತ್ತಿಗಿರಿಯಿಂದ ಹೊರಟು ತರೀಕೆರೆ, ನರಸಿಂಹರಾಜಪುರ, ಕೊಪ್ಪ ಮಾರ್ಗವಾಗಿ ಹೋಗಿ. ದಾರಿಯುದ್ದಕ್ಕೂ ತಿರುವುಗಳಿರುವುದರಿಂದ ತಾಯಿಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ದಸರೆಯ ಸಮಯದಲ್ಲಿ ಶಾರದಾ ಪೀಠದಲ್ಲಿ ನವರಾತ್ರಿಯ ಉತ್ಸವ ನಡೆಯುವುದರಿಂದ ಶೃಂಗೇರಿಯಲ್ಲಿ ಕೋಣೆ ಸಿಗುವುದು ಕಷ್ಟ. ತಂಗುವ ವ್ಯವಸ್ಥೆಯನ್ನು ಇಂದೇ ಮಾಡಿಕೊಳ್ಳಿ.